ಉಗ್ಗನ್ನು ಬಚ್ಚಿಟ್ಟು ಮದುವೆಯಾಗಬೇಕೆ?

ಪ್ರಶ್ನೆ: ನನಗೆ 27 ವರ್ಷ. ಎಂ.ಕಾಂ. ಮುಗಿಸಿ ಸಹಕಾರ ಸಂಘವೊಂದರಲ್ಲಿ ಲೆಕ್ಕ ಬರೆಯುತ್ತೇನೆ. ಚಿಕ್ಕಂದಿನಿಂದಲೂ ಉಗ್ಗು. ನನ್ನ ಹೆಸರು ‘ಪ’ದಿಂದ ಶುರುವಾಗುತ್ತದೆ, ಅದನ್ನು ಹೇಳುವುದೇ ಎಲ್ಲಕ್ಕಿಂತ ಕಷ್ಟ. ಆಫೀಸಿನಲ್ಲಿ ಫೋನ್ ರಿಂಗಾದರೆ ಎದ್ದು ಹೊರಗೆ ಹೋಗಿಬಿಡುತ್ತೇನೆ. ಭಜನೆ ಹಾಡುವಾಗ ಮಾತ್ರ ಒಂದಕ್ಷರವೂ ತಡೆಯುವುದಿಲ್ಲ. ಮುಂದಿನ ತಿಂಗಳು ಗಂಡಿನ ಕಡೆಯವರು ನೋಡಲು ಬರುತ್ತಾರೆ. ‘ಕೇಳಿದ್ದಕ್ಕೆ ಹೂಂ, ಉಹೂಂ ಅಂದರೆ ಸಾಕು, ಮಿಕ್ಕಿದ್ದು ಮದುವೆ ಆದಮೇಲೆ’ ಎನ್ನುತ್ತಾರೆ ಅಮ್ಮ. ಸೋದರಮಾವನಿಗೂ ಉಗ್ಗಿದೆ, ಅದನ್ನೂ ಹೇಳಬಾರದಂತೆ. ರಾತ್ರಿ ನಿದ್ದೆ ಬರುತ್ತಿಲ್ಲ. ಯಾಕಾದರೂ ಹುಟ್ಟಿದೆನೋ ಅನ್ನಿಸುತ್ತದೆ.
— ಹೆಸರು ಬೇಡ, ಹಾಸನ ಜಿಲ್ಲೆ

ಉತ್ತರ: ಸ್ವಂತ ಹೆಸರು ಹೇಳಲು ಹೆದರಿಕೊಂಡು ದಿನ ಕಳೆಯುವುದು ಎಷ್ಟು ಸುಸ್ತಿನ ಕೆಲಸ ಎಂಬುದು ಉಗ್ಗಿಲ್ಲದವರಿಗೆ ಸುಲಭಕ್ಕೆ ತಿಳಿಯುವುದಿಲ್ಲ. ಬೇರೆ ಯಾವ ಪದ ತಡೆದರೂ ಇನ್ನೊಂದನ್ನು ಹುಡುಕಿಕೊಳ್ಳಬಹುದು. ಮಸಾಲೆ ದೋಸೆ ತಿನ್ನುವ ಆಸೆಯಿದ್ದರೂ ‘ಮ’ ಹೊರಡದೆಂದು ಇಡ್ಲಿ ತಿಂದು ಬರುವವರಿದ್ದಾರೆ. ಇಳಿಯಬೇಕಾದ ಸ್ಟಾಪಿನ ಹೆಸರು ಬಾಯಿಗೆ ಬಾರದೆ, ಬಂದ ಸ್ಟಾಪಿಗೆ ಟಿಕೆಟ್ ತೆಗೆದುಕೊಂಡು ಉಳಿದ ದಾರಿ ನಡೆಯುವವರಿದ್ದಾರೆ. ಹೆಸರಿಗೆ ಮಾತ್ರ ಬದಲಿಯಿಲ್ಲ. ‘ಹೆಸರೂ ಮರೆತುಹೋಯ್ತಾ?’ ಎಂದು ಯಾರೋ ನಕ್ಕಾಗ ಆಗುವ ಅವಮಾನ ದೊಡ್ಡದು. ನಿಮಗೆ ನೋವಾಗುತ್ತಿರುವುದರಲ್ಲಿ ಅತಿಯಾದದ್ದೇನೂ ಇಲ್ಲ.

ಪತ್ರದ ಕೊನೆಯ ಸಾಲನ್ನು ಮೊದಲು ಎತ್ತಿಕೊಳ್ಳುತ್ತೇನೆ. ಬೇಸರದಲ್ಲಿ ಬರೆದದ್ದಿರಬಹುದು. ಆದರೆ ಆ ಯೋಚನೆ ಮತ್ತೆ ಮತ್ತೆ ಬರುತ್ತಿದ್ದರೆ, ಸತ್ತರೆ ವಾಸಿ ಎನ್ನುವವರೆಗೆ ಹೋದರೆ, ಒಬ್ಬರೇ ಇಟ್ಟುಕೊಳ್ಳಬೇಡಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಹಗಲು ರಾತ್ರಿ ಇರುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಫೋನೇ ನಿಮಗೆ ಕಷ್ಟ ಎಂದು ಗೊತ್ತಿದೆ. ಪಕ್ಕದಲ್ಲಿ ನಂಬಿಕಸ್ಥರೊಬ್ಬರನ್ನು ಕೂರಿಸಿಕೊಂಡು, ಮೊದಲ ಎರಡು ಮಾತು ಅವರಿಂದಲೇ ಆಡಿಸಿ.

ಈಗ ಭಜನೆಯ ವಿಷಯ. ನೀವು ಅದನ್ನು ಬರೆದದ್ದು ಒಳ್ಳೆಯದಾಯಿತು. ಉಗ್ಗು ಇರುವ ಬಹುಪಾಲು ಜನ ಹಾಡುವಾಗ, ಹತ್ತು ಜನರ ಜೊತೆ ದನಿಗೂಡಿಸಿ ಓದುವಾಗ, ಒಬ್ಬರೇ ಇರುವಾಗ ಅಥವಾ ಕರುವಿನ ಹತ್ತಿರ ಮಾತಾಡುವಾಗ ತಡವರಿಸುವುದಿಲ್ಲ. ಅಂದರೆ ನಾಲಿಗೆ ದಪ್ಪವಿಲ್ಲ, ಗಂಟಲಲ್ಲಿ ದೋಷವಿಲ್ಲ, ಬುದ್ಧಿಯಲ್ಲಂತೂ ಯಾವ ಕೊರತೆಯೂ ಇಲ್ಲ. ಮಾತನ್ನು ಸರಿಯಾದ ಗಳಿಗೆಗೆ ಹೊರಡಿಸುವ ಮಿದುಳಿನ ವ್ಯವಸ್ಥೆ ಕೆಲವರಲ್ಲಿ ತುಸು ಬೇರೆ ರೀತಿ ಕೆಲಸ ಮಾಡುತ್ತದೆ, ಅಷ್ಟೆ. ಚಿಕ್ಕಂದಿನಲ್ಲಿ ಬೆಚ್ಚಿಬಿದ್ದದ್ದರಿಂದಲೋ, ಉಗ್ಗುವವರನ್ನು ಅಣಕಿಸಿದ್ದರಿಂದಲೋ ಇದು ಬರುವುದಿಲ್ಲ. ಅಮ್ಮ ಬಜೆ ತೇಯ್ದು ನಾಲಿಗೆಗೆ ಹಚ್ಚಲು ಮರೆತದ್ದರಿಂದಲೂ ಅಲ್ಲ. ಬಹಳ ತಾಯಂದಿರು ಈ ತಪ್ಪನ್ನು ವರ್ಷಗಟ್ಟಲೆ ತಮ್ಮ ಮೇಲೆ ಹೊತ್ತುಕೊಂಡಿರುತ್ತಾರೆ. ನಿಮ್ಮ ಅಮ್ಮನೂ ಹೊತ್ತಿರಬಹುದು.

ದೊಡ್ಡವರಲ್ಲಿ 100ಕ್ಕೆ ಸುಮಾರು ಒಬ್ಬರಿಗೆ ಉಗ್ಗಿದೆ. ಅವರಲ್ಲಿ ನಾಲ್ವರು ಗಂಡಸರಿಗೆ ಒಬ್ಬ ಹೆಂಗಸು ಎನ್ನುವುದು ಸ್ಥೂಲ ಲೆಕ್ಕ. ನಿಮ್ಮಂಥ ಇನ್ನೊಬ್ಬ ಹುಡುಗಿಯನ್ನು ನೀವು ನೋಡಿಯೇ ಇಲ್ಲದಿದ್ದರೆ ಅದಕ್ಕೆ ಇದೂ ಒಂದು ಕಾರಣ. ಇನ್ನೊಂದು ಕಾರಣ, ಅವರೂ ನಿಮ್ಮ ಹಾಗೇ ಫೋನ್ ರಿಂಗಾದಾಗ ಎದ್ದು ಹೊರಗೆ ಹೋಗುತ್ತಿರುತ್ತಾರೆ.

ನಾನು ನಿಮಗೆ ಹೇಳಬೇಕಾದದ್ದು ಇಲ್ಲಿಯೇ ಇದೆ. ಪತ್ರವನ್ನು ಮತ್ತೆ ಓದಿದಾಗ ನಿಮ್ಮ ನಿದ್ದೆ ಕೆಡಿಸುತ್ತಿರುವುದು ಉಗ್ಗಿಗಿಂತ ಹೆಚ್ಚಾಗಿ ಅದನ್ನು ಮುಚ್ಚಿಡುವ ಕೆಲಸ ಅನ್ನಿಸಿತು. ಯಾವ ಪದ ಬರಲಿದೆ, ಹೇಗೆ ತಪ್ಪಿಸಿಕೊಳ್ಳಲಿ ಎಂಬ ಕಾವಲು ಬೆಳಗಿನಿಂದ ರಾತ್ರಿವರೆಗೂ ನಡೆಯುತ್ತದೆ. ತಪ್ಪಿಸಿಕೊಂಡ ಪ್ರತಿಸಲವೂ ಆ ಪದದ ಭಯ ಇನ್ನಷ್ಟು ಬಲಿಯುತ್ತದೆ. ಅಮ್ಮನ ಉಪಾಯ ಪ್ರೀತಿಯಿಂದಲೇ ಹುಟ್ಟಿದ್ದು, ಮಗಳ ಮನಸ್ಸು ನೋಯದಿರಲಿ ಎಂಬ ಆಸೆ ಅದರಲ್ಲಿದೆ. ಆದರೆ ಅದರಂತೆ ನಡೆದರೆ ಈ ಕಾವಲನ್ನು ನೀವು ಗಂಡನ ಮನೆಯ ಅಡುಗೆಮನೆಯಲ್ಲೂ ಮುಂದುವರಿಸಬೇಕು. ಮದುವೆಯಾದ ಮೇಲೆ ತಿಳಿದರೆ ಅವರ ಬಾಯಿಗೆ ಬರುವ ಮಾತು ‘ಉಗ್ಗು’ ಆಗಿರುವುದಿಲ್ಲ, ‘ಮೋಸ’ ಆಗಿರುತ್ತದೆ.

ಅದಕ್ಕೇ ಮುಂಚೆಯೇ ಹೇಳಿಬಿಡಿ ಎನ್ನುತ್ತೇನೆ. ಅವರು ಬಂದ ದಿನ ತುಂಬಿದ ಪಡಸಾಲೆಯಲ್ಲೇ ಹೇಳಬೇಕೆಂದಿಲ್ಲ. ಅದಕ್ಕೆ ಮುಂಚೆ ಹುಡುಗನಿಗೆ ಒಂದು ವಾಟ್ಸ್ಆ್ಯಪ್ ಮೆಸೇಜ್ ಕಳಿಸಬಹುದು, ಅಥವಾ ಇಬ್ಬರೇ ಮಾತಾಡಲು ಬಿಟ್ಟಾಗ ಮೊದಲ ಮಾತಾಗಿ ಹೇಳಬಹುದು: ‘ನನಗೆ ಉಗ್ಗು ಇದೆ. ಕೆಲವು ಮಾತು ಹೊರಡಲು ಸ್ವಲ್ಪ ಹೊತ್ತು ಬೇಕು. ನೀವು ಕಾದರೆ ಸಾಕು.’ ಕ್ಷಮೆ ಕೇಳುವ ದನಿ ಬೇಡ. ಹೀಗೆ ಹೇಳಿಬಿಟ್ಟ ಮೇಲೆ ಮಾತೇ ಹಗುರವಾಯಿತು ಎನ್ನುವವರು ಬಹಳ. ಕೇಳಿ ಹಿಂದೆ ಸರಿಯುವವರೂ ಇರುತ್ತಾರೆ. ಆಗ ನೋವಾಗುತ್ತದೆ, ಆಗುವುದಿಲ್ಲ ಎಂದು ನಾನು ಸುಳ್ಳು ಹೇಳಲಾರೆ. ಆದರೆ ಆ ನೋವು ತಾಳಿ ಕಟ್ಟಿದ ಮೇಲೆ ಆಗುವುದಕ್ಕಿಂತ ಮೊದಲೇ ಆಗಿಹೋಗುವುದು ವಾಸಿ.

ಮಕ್ಕಳಿಗೂ ಬರುತ್ತದೆಯೇ ಎಂದು ಅವರು ಕೇಳಬಹುದು. ನಿಜವನ್ನೇ ಹೇಳಿ. ಇದಕ್ಕೆ ವಂಶದ ನಂಟಿದೆ, ಸೋದರಮಾವನ ವಿಷಯ ಮುಚ್ಚಿಡಬೇಕಾಗಿಲ್ಲ. ಬಂದೇ ಬರುತ್ತದೆ ಎಂದೇನಿಲ್ಲ. ಎರಡರಿಂದ ಐದು ವರ್ಷದೊಳಗೆ ಉಗ್ಗಲು ತೊಡಗುವ ಮಕ್ಕಳಲ್ಲಿ ಹೆಚ್ಚಿನವರಿಗೆ ಅದು ಹೋಗಿಬಿಡುತ್ತದೆ. ಉಳಿಯುವ ಹಾಗೆ ಕಂಡರೆ ಬೇಗನೆ ತೋರಿಸಿದಷ್ಟೂ ಅನುಕೂಲ.

ಇನ್ನು ‘ಪ’ ಅಕ್ಷರ. ಅದನ್ನು ಹೇಳಲು ಎರಡೂ ತುಟಿ ಮುಚ್ಚಬೇಕು. ತಡೆಯುತ್ತದೆಂಬ ಭಯಕ್ಕೆ ನೀವು ತುಟಿಯನ್ನು ಬಿಗಿಯಾಗಿ ಒತ್ತುತ್ತೀರಿ, ಒತ್ತಿದಷ್ಟೂ ಅದು ಬಿಡಿಸಿಕೊಳ್ಳುವುದಿಲ್ಲ. ಸಿಕ್ಕಿಕೊಂಡಾಗ ತಳ್ಳಬೇಡಿ. ನಿಲ್ಲಿಸಿ, ತುಟಿ ಸಡಿಲ ಬಿಡಿ, ತಾಗಿಯೂ ತಾಗದ ಹಾಗೆ ಮೆಲ್ಲಗೆ ಮತ್ತೆ ಶುರುಮಾಡಿ. ಮನೆಯಲ್ಲಿ ಒಬ್ಬರೇ ಇದ್ದಾಗ ಮೊದಲು ಅಭ್ಯಾಸವಾಗಲಿ, ಆಮೇಲೆ ಗೆಳತಿಯ ಎದುರು, ಆಮೇಲೆ ಪರಿಚಯದ ಅಂಗಡಿಯಲ್ಲಿ. ಅಂಗಡಿಗೆ ಹೋದಾಗ ಬೇಕಾದ ಸಾಮಾನಿನ ಹೆಸರನ್ನೇ ಹೇಳಿ, ತಡೆದರೂ ಬದಲಿಸಬೇಡಿ. ಫೋನಿನ ಸರದಿ ಕೊನೆಗೆ ಬರಲಿ.

ಇದನ್ನೆಲ್ಲ ಕ್ರಮವಾಗಿ ಕಲಿಸಲು ಸ್ಪೀಚ್ ಥೆರಪಿಸ್ಟ್ ಬೇಕು. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಕೇಂದ್ರ ಸರ್ಕಾರದ್ದು, ನಿಮ್ಮ ಜಿಲ್ಲೆಯಿಂದ ಬಸ್ಸಿನಲ್ಲಿ ಹೋಗಿಬರುವಷ್ಟೇ ದೂರ. ಉಗ್ಗು ಇರುವವರೇ ಕಟ್ಟಿಕೊಂಡ ‘ದಿ ಇಂಡಿಯನ್ ಸ್ಟ್ಯಾಮರಿಂಗ್ ಅಸೋಸಿಯೇಷನ್’ ಕೂಡ ಇದೆ. ಅಲ್ಲಿ ನಿಮ್ಮಂತೆಯೇ ತಡೆದು ಮಾತಾಡುವವರ ನಡುವೆ ಕೂತು ಮಾತಾಡಬಹುದು. ‘ಹತ್ತು ದಿನದಲ್ಲಿ ಪೂರ್ತಿ ಗುಣ’ ಎಂಬ ಜಾಹೀರಾತಿಗೆ ಹಣ ಸುರಿಯಬೇಡಿ. ದೊಡ್ಡವರ ಉಗ್ಗನ್ನು ಬೇರುಸಹಿತ ತೆಗೆಯುವ ಮಾತ್ರೆ ಇಲ್ಲ. ಮಾತು ಸಲೀಸಾಗಲು, ಭಯ ಇಳಿಯಲು ತಿಂಗಳುಗಳೇ ಹಿಡಿಯಬಹುದು, ಆದರೆ ಇಳಿಯುತ್ತದೆ.

ಮೈಸೂರಿಗೆ ಹೊರಡುವಾಗ ಅಮ್ಮನನ್ನೂ ಕರೆದುಕೊಂಡು ಹೋಗಿ. ಇದರಲ್ಲಿ ಅವರ ತಪ್ಪಿಲ್ಲ ಎಂಬುದನ್ನು ಅವರು ಅಲ್ಲಿನವರ ಬಾಯಿಂದಲೇ ಕೇಳಲಿ. ನೀವು ತಡೆದಾಗ ಮಾತು ಪೂರ್ತಿ ಮಾಡಿಕೊಡದೆ, ‘ನಿಧಾನ, ನಿಧಾನ’ ಎನ್ನದೆ, ಮುಖ ನೋಡುತ್ತಾ ಸುಮ್ಮನೆ ಕಾಯುವುದನ್ನು ಅವರೂ ಕಲಿಯಬೇಕು. ಗಂಡಿನ ಕಡೆಯವರು ಬರುವ ಮುಂಚೆ ಒಮ್ಮೆ ಹೋಗಿಬರಲು ಸಾಧ್ಯವೇ ನೋಡಿ. ಆಗದಿದ್ದರೆ ಅವರು ಬರುವ ದಿನವನ್ನೇ ಸ್ವಲ್ಪ ಮುಂದಕ್ಕೆ ಹಾಕಿಸಿ.