ನರ್ಸಿಂಗ್ ನೋಂದಣಿ: ಫೀ ಕಟ್ಟುವ ಮೊದಲು ನೋಡಬೇಕಾದ ಕಾಗದ

ಕರ್ನಾಟಕದಲ್ಲಿ ನರ್ಸ್ ಎಂದು ಕೆಲಸ ಮಾಡುವ ಹಕ್ಕು ಬರುವುದು ಕರ್ನಾಟಕ ರಾಜ್ಯ ನರ್ಸಿಂಗ್ ಪರಿಷತ್ತಿನ ರಿಜಿಸ್ಟರಿನಲ್ಲಿ ಹೆಸರು ದಾಖಲಾದ ಮೇಲೆ. ನೋಂದಣಿಗೆ ಆಧಾರವಾಗಿ ಬಂದದ್ದು 1961ರ ರಾಜ್ಯ ಕಾಯ್ದೆ. 2023ರಲ್ಲಿ ಸಂಸತ್ತು ರಾಷ್ಟ್ರೀಯ ನರ್ಸಿಂಗ್ ಮತ್ತು ಮಿಡ್‌ವೈಫರಿ ಆಯೋಗದ ಕಾಯ್ದೆಯನ್ನೂ ತಂದಿದೆ.   ನೋಂದಣಿಗೆ ದಾರಿಯಾಗುವ ಕೋರ್ಸುಗಳಲ್ಲಿ ಮೊದಲಿನದು ಎರಡು ವರ್ಷದ ಎಎನ್‌ಎಂ (ಆಕ್ಸಿಲಿಯರಿ ನರ್ಸ್ ಮಿಡ್‌ವೈಫ್). ಅದಕ್ಕೂ ಮೇಲಿನದು ಮೂರು ವರ್ಷದ ಜಿಎನ್‌ಎಂ (ಜನರಲ್ ನರ್ಸಿಂಗ್ ಮತ್ತು ಮಿಡ್‌ವೈಫರಿ), ಆಮೇಲೆ ನಾಲ್ಕು ವರ್ಷದ ಬಿಎಸ್ಸಿ ನರ್ಸಿಂಗ್. ಎಲ್ಲಕ್ಕೂ ಪಿಯುಸಿ ಆಗಿರಬೇಕು.

ಜನ ಹೆಚ್ಚು ಹಣ ಕಳೆದುಕೊಳ್ಳುವುದು ಕೋರ್ಸಿನ ಆಯ್ಕೆಯಲ್ಲೇ. ತಿಕೋಟಾ, ಬಬಲೇಶ್ವರದ ಕಡೆಯಿಂದ ವಿಜಯಪುರದ ಗಾಂಧಿ ಚೌಕಕ್ಕೆ ಬಂದ ತಂದೆಗೆ ಏಜೆಂಟ್ "ಒಂದೇ ವರ್ಷದ ನರ್ಸಿಂಗ್, ನೌಕರಿ ಗ್ಯಾರಂಟಿ" ಎನ್ನುತ್ತಾನೆ. ಮಗಳು ಓದುತ್ತಾಳೆ, ಪಾಸಾಗುತ್ತಾಳೆ, ಬಣ್ಣದ ಸರ್ಟಿಫಿಕೇಟೂ ಬರುತ್ತದೆ. ಪರಿಷತ್ತಿಗೆ ಅರ್ಜಿ ಹಾಕಿದಾಗಲೇ ಗೊತ್ತಾಗುವುದು, ಅಂಥ ಕೋರ್ಸು ಪರಿಷತ್ತಿನ ಪಟ್ಟಿಯಲ್ಲೇ ಇಲ್ಲವೆಂದು. ಅಷ್ಟರಲ್ಲಿ ಏಜೆಂಟನ ಮೊಬೈಲ್ ಬಂದ್. ರೋಗಿಯ ಆರೈಕೆಗೆ ನೆರವಾಗುವ ಸಹಾಯಕರಿಗೆಂದೇ ಇರುವ ಅಲ್ಪಾವಧಿ ತರಬೇತಿಗಳು ಮೋಸವಲ್ಲ, ನಿಜ. ಆದರೆ ಅವುಗಳಿಂದ ಆಯಾ ಆಗಬಹುದು, ವಾರ್ಡಿನ ಸಹಾಯಕಿ ಆಗಬಹುದು. ನರ್ಸ್ ಆಗಲು ಬರುವುದಿಲ್ಲ.

ಎರಡನೆಯ ಮೋಸ ಇದಕ್ಕಿಂತ ನವಿರು. ಕಾಲೇಜು ನಿಜವೇ, ಕೋರ್ಸೂ ನಿಜವೇ. ಮಂಜೂರಾದ ಸೀಟಿಗಿಂತ ಹೆಚ್ಚು ಮಂದಿಯನ್ನು ಸೇರಿಸಿಕೊಂಡಿರುತ್ತಾರೆ. ಹೆಚ್ಚುವರಿ ಹುಡುಗಿಯರ ಪ್ರವೇಶಕ್ಕೆ ಅನುಮೋದನೆಯೇ ಸಿಗುವುದಿಲ್ಲ. ಆದ್ದರಿಂದ ಫೀ ಕಟ್ಟುವ ಮೊದಲು ಕೇಳಬೇಕಾದ್ದು ಗೋಡೆಗೆ ತೂಗುಹಾಕಿದ ಚೌಕಟ್ಟನ್ನಲ್ಲ, ಆ ವರ್ಷದ ಅನುಮತಿ ಆದೇಶ ಮತ್ತು ಸೀಟಿನ ಸಂಖ್ಯೆಯನ್ನು. ಜಿಎನ್‌ಎಂ ಆದರೆ ಕರ್ನಾಟಕ ರಾಜ್ಯ ಡಿಪ್ಲೊಮಾ ನರ್ಸಿಂಗ್ ಪರೀಕ್ಷಾ ಮಂಡಳಿಯ ಪಟ್ಟಿಯನ್ನೂ ನೋಡಬೇಕು. ಕಾಲೇಜು ತೋರಿಸದಿದ್ದರೆ ಮಾಹಿತಿ ಹಕ್ಕಿನಡಿ 10 ರೂಪಾಯಿಯ ಪೋಸ್ಟಲ್ ಆರ್ಡರ್ ಇಟ್ಟು ಪರಿಷತ್ತಿಗೇ ಬರೆಯಬಹುದು. 30 ದಿನದಲ್ಲಿ ಉತ್ತರ ಕೊಡಬೇಕು. ಎಚ್ಚರ: ಕರ್ನಾಟಕದ ನಿಯಮದಂತೆ ಒಂದು ಅರ್ಜಿಗೆ ಒಂದೇ ವಿಷಯ, 150 ಪದ ಮೀರಬಾರದು. ಉತ್ತರ ಕೊಡಲು ಮನಸ್ಸಿಲ್ಲದ ಗುಮಾಸ್ತ ಮೊದಲು ಎಣಿಸುವುದು ಪದಗಳನ್ನೇ. ಪ್ರವೇಶದ ಕೊನೆಯ ದಿನ ಎದುರಿಗಿದ್ದಾಗ 30 ದಿನ ಕಾಯಲಾಗದು. ಹಾಗಾಗಿ ಪಿಯುಸಿ ಫಲಿತಾಂಶಕ್ಕೂ ಮುಂಚೆಯೇ ಬರೆಯುವುದು ಜಾಣತನ.

ಪಾಸಾದ ಮೇಲೆ ನೋಂದಣಿಗೆ ಎಸ್ಸೆಸ್ಸೆಲ್ಸಿ, ಪಿಯುಸಿ, ಕೋರ್ಸಿನ ಅಂಕಪಟ್ಟಿಗಳು, ಆಧಾರ್, ಫೋಟೊ ಬೇಕು. ಇಲ್ಲಿ ಕಾಡುವುದು ಹೆಸರು. ಎಸ್ಸೆಸ್ಸೆಲ್ಸಿಯಲ್ಲಿ ತಂದೆಯ ಅಡ್ಡಹೆಸರು, ಆಧಾರ್‌ನಲ್ಲಿ ಗಂಡನದು. ಸರಿಪಡಿಸಬೇಕಾದ್ದು ಆಧಾರ್ ಅನ್ನು, ಎಸ್ಸೆಸ್ಸೆಲ್ಸಿಯನ್ನಲ್ಲ.

ಮೂಲ ಅಂಕಪಟ್ಟಿಗಳನ್ನು ಕಾಲೇಜೋ ಆಸ್ಪತ್ರೆಯೋ ಬಾಂಡಿನ ಹೆಸರಿನಲ್ಲಿ ಒತ್ತೆ ಇಟ್ಟುಕೊಂಡರೆ ಅದಕ್ಕೆ ಕಾನೂನಿನ ಬಲವಿಲ್ಲ. ಸರ್ಟಿಫಿಕೇಟು ಒತ್ತೆ ಇಡುವ ಸರಕಲ್ಲ ಎಂದು ಮದ್ರಾಸ್ ಹೈಕೋರ್ಟ್ ಹೇಳಿದೆ. ಬಾಕಿ ಇದ್ದರೆ ವಸೂಲಿಗೆ ಬೇರೆ ದಾರಿಯಿದೆ. ಮೊದಲು ಲಿಖಿತವಾಗಿ ಕೇಳಿ, ಸ್ಪೀಡ್ ಪೋಸ್ಟಿನ ರಸೀದಿ ಜೋಪಾನ ಮಾಡಬೇಕು. ಬಾಯಿಮಾತಿನಲ್ಲಿ ಹತ್ತು ಸಲ ಅಲೆದದ್ದಕ್ಕೆ ಯಾವ ದಾಖಲೆಯೂ ಉಳಿಯದು. ಆಮೇಲೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ. 1987ರ ಕಾಯ್ದೆಯಂತೆ ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇರಲಿ ವಕೀಲರ ನೆರವು ಉಚಿತ. ಸಹಾಯವಾಣಿ 15100.

ವಿಜಯಪುರದವರು ಮಿರಜ, ಸೊಲ್ಲಾಪುರಕ್ಕೆ ಕೆಲಸಕ್ಕೆ ಹೋಗುವುದುಂಟು. ಗಡಿ ದಾಟಿದರೆ ಮಹಾರಾಷ್ಟ್ರ ನರ್ಸಿಂಗ್ ಪರಿಷತ್ತಿನ ನೋಂದಣಿಯೂ ಬೇಕಾಗುತ್ತದೆ. ಆಗ ಏಳುವ ಪ್ರಶ್ನೆ ಕಾಲೇಜಿನ ಮಾನ್ಯತೆಯದು. ಭಾರತೀಯ ನರ್ಸಿಂಗ್ ಪರಿಷತ್ತಿಗೆ ಕಾಲೇಜುಗಳಿಗೆ ಮಾನ್ಯತೆ ಕೊಡುವ ಅಧಿಕಾರವಿಲ್ಲವೆಂದು ಕರ್ನಾಟಕ ಹೈಕೋರ್ಟ್ 2017ರಲ್ಲಿ ತೀರ್ಪು ಕೊಟ್ಟಿತು. ಕಾಲೇಜಿನವರು ಈ ತೀರ್ಪನ್ನು ತೋರಿಸಿ "ಚಿಂತೆ ಬೇಡ" ಎನ್ನುತ್ತಾರೆ. ಹೊರರಾಜ್ಯದ ಕಚೇರಿ ಏನು ಕೇಳುತ್ತದೆ ಎಂಬುದು ಬೇರೆಯೇ ಪ್ರಶ್ನೆ. ಪ್ರವೇಶಕ್ಕೆ ಮುಂಚೆ ಅಲ್ಲಿಂದಲೇ ತಿಳಿದುಕೊಳ್ಳಬೇಕು.

ನೋಂದಣಿಯಾದ ಮೇಲೂ ಕೆಲಸಕ್ಕೆ ಗಡಿಯುಂಟು. ಬಯಲುಸೀಮೆಯಲ್ಲಿ 5,000 ಜನಕ್ಕೆ ಒಂದು ಉಪಕೇಂದ್ರ ಎಂಬುದು ಲೆಕ್ಕ. ಅಲ್ಲಿನ ಎಎನ್‌ಎಂ ಬಸುರಿಯರ ತಪಾಸಣೆ, ಸಹಜ ಹೆರಿಗೆ, ಲಸಿಕೆ, ಕುಟುಂಬ ಯೋಜನೆಯ ಕೆಲಸ ಮಾಡುತ್ತಾರೆ. ಸ್ವಂತ ಬೋರ್ಡು ಹಾಕಿ ಔಷಧಿ ಬರೆದುಕೊಡುವ ಹಾಗಿಲ್ಲ. ಆಯುಷ್ಮಾನ್ ಆರೋಗ್ಯ ಮಂದಿರದಲ್ಲಿ ವಿಶೇಷ ತರಬೇತಿ ಪಡೆದ ಸಮುದಾಯ ಆರೋಗ್ಯ ಅಧಿಕಾರಿ ನಿಗದಿತ ಪಟ್ಟಿಯ ಔಷಧಿಗಳನ್ನು ಕೊಡಬಹುದು. ಅದು ಆ ಹುದ್ದೆಗೆ ಕೊಟ್ಟ ಅಧಿಕಾರ, ಊರಲ್ಲಿ ಖಾಸಗಿಯಾಗಿ ಕ್ಲಿನಿಕ್ ತೆರೆಯಲು ಅದು ಸಾಲದು. ಖಾಸಗಿ ವೈದ್ಯರ ಕೈಕೆಳಗೆ ಇಂಜೆಕ್ಷನ್ ಕೊಡುವವರು ವೈದ್ಯರ ಲಿಖಿತ ಸೂಚನೆಯನ್ನು ಕೇಸ್ ಶೀಟಿನಲ್ಲಿ ಬರೆಸಿಕೊಳ್ಳಬೇಕು. ತಪ್ಪಾದ ದಿನ ಫೋನಿನಲ್ಲಿ ಹೇಳಿದ ಸೂಚನೆ ಯಾರ ನೆನಪಿನಲ್ಲೂ ಇರುವುದಿಲ್ಲ.