ಹಾಸಿಗೆ ಹಿಡಿದವರ ಮನೆಬಾಗಿಲಿಗೆ ಪಂಚಾಯಿತಿ: ಕೇರಳದ ಅನುಭವ

ರಸ್ತೆ, ಚರಂಡಿ, ಕುಡಿಯುವ ನೀರಿನ ಬೇಡಿಕೆಗಳು ಗ್ರಾಮಸಭೆಯ ನಡವಳಿಯಲ್ಲಿ ದಾಖಲಾಗುತ್ತವೆ. ಪಾರ್ಶ್ವವಾಯು ಪೀಡಿತರು, ಕ್ಯಾನ್ಸರ್ ರೋಗಿಗಳು, ಎದ್ದು ಓಡಾಡಲಾರದ ವೃದ್ಧರು ಗ್ರಾಮಸಭೆಗೆ ಬರಲಾರರು. ಆದುದರಿಂದ ಅವರ ಬೇಡಿಕೆ ನಡವಳಿಯನ್ನು ಸೇರುವುದೂ ವಿರಳ. ಅಂಥವರ ಖಾತೆಗೆ ಪಿಂಚಣಿ ಜಮೆಯಾಗುತ್ತಿರಬಹುದು. ಆದರೆ ಮನೆಮಂದಿಯೆಲ್ಲ ಕೂಲಿಗೆ ಹೋದ ಬಳಿಕ ಅವರನ್ನು ಮಗ್ಗುಲಾಗಿಸುವವರಿರುವುದಿಲ್ಲ. ಸುಮಾರು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸದಿದ್ದಲ್ಲಿ ಬೆನ್ನು, ಸೊಂಟ, ಹಿಮ್ಮಡಿಗಳಲ್ಲಿ ಒತ್ತಡದ ಹುಣ್ಣುಗಳಾಗುತ್ತವೆ. ಅವು ಕೊಳೆತು ನಂಜೇರಿದರೆ ಪ್ರಾಣಕ್ಕೇ ಅಪಾಯ.

ನೆರೆಯ ಕೇರಳದಲ್ಲಿ ಈ ಕೊರತೆಯನ್ನು ಸ್ಥಳೀಯ ಸಂಸ್ಥೆಗಳೇ ತುಂಬಿವೆ. 1993ರಲ್ಲಿ ಕೋಝಿಕ್ಕೋಡ್ ವೈದ್ಯಕೀಯ ಕಾಲೇಜಿನಲ್ಲಿ ಡಾ. ಎಂ.ಆರ್. ರಾಜಗೋಪಾಲ್ ಮತ್ತು ಡಾ. ಸುರೇಶ್ ಕುಮಾರ್ ಅವರು ಉಪಶಾಮಕ ಆರೈಕೆಯ, ಅಂದರೆ ಗುಣವಾಗದ ರೋಗದಲ್ಲಿಯೂ ನೋವು ತಗ್ಗಿಸುವ ಆರೈಕೆಯ, ಹೊರರೋಗಿ ಸೇವೆಯನ್ನು ಆರಂಭಿಸಿದರು. ಅದರ ಅಗತ್ಯ ಹೆಚ್ಚಾಗಿದ್ದವರಿಗೇ ಆಸ್ಪತ್ರೆಗೆ ಬರುವ ಶಕ್ತಿಯಿರಲಿಲ್ಲ. ಮಲಪ್ಪುರಂ ಜಿಲ್ಲೆಯಲ್ಲಿ ತರಬೇತಿ ಪಡೆದ ನೆರೆಹೊರೆಯ ಸ್ವಯಂಸೇವಕರು ಮನೆಮನೆಗೆ ತೆರಳತೊಡಗಿದರು. 2008ರಲ್ಲಿ ಕೇರಳ ಸರ್ಕಾರವು ಇದಕ್ಕಾಗಿ ಪ್ರತ್ಯೇಕ ನೀತಿಯನ್ನು ಪ್ರಕಟಿಸಿತು. ಗ್ರಾಮ ಪಂಚಾಯಿತಿಗಳು ಯೋಜನಾ ಅನುದಾನದಿಂದ ಸಮುದಾಯ ದಾದಿಯನ್ನು ನೇಮಿಸಿಕೊಂಡವು.

ದಾದಿಯೊಂದಿಗೆ ಆಶಾ ಕಾರ್ಯಕರ್ತೆ, ಸ್ವಯಂಸೇವಕರು, ಕೆಲವೊಮ್ಮೆ ವಾರ್ಡಿನ ಸದಸ್ಯರೂ ತೆರಳುತ್ತಾರೆ. ಗಾಯ ತೊಳೆದು ಪಟ್ಟಿ ಕಟ್ಟುವುದು, ಮೂತ್ರದ ನಳಿಕೆ ಬದಲಿಸುವುದು, ಮಲಗಿದಲ್ಲಿಯೇ ಮೈ ಒರೆಸುವ ಕ್ರಮವನ್ನು ಮನೆಯವರಿಗೆ ಕಲಿಸುವುದು ಇವರ ಕೆಲಸ. ದುಡಿಯುವವರೇ ಹಾಸಿಗೆ ಹಿಡಿದ ಮನೆಗಳಿಗೆ ಅಕ್ಕಿ, ದಿನಸಿ, ಮಕ್ಕಳ ಓದಿನ ಖರ್ಚನ್ನು ಸ್ವಯಂಸೇವಕರು ಊರಿನವರಿಂದಲೇ ಹೊಂದಿಸುವುದುಂಟು. ದುಬಾರಿ ಯಂತ್ರ ಬೇಕಿಲ್ಲ. ವಾಹನ ಮತ್ತು ದಾದಿಯ ವೇತನ ಮಾತ್ರ ತಿಂಗಳು ತಪ್ಪದೆ ದೊರೆಯಬೇಕು. ಅದು ತಪ್ಪಿದಲ್ಲಿ ಉಳಿದುದೆಲ್ಲವೂ ನಿಲ್ಲುತ್ತದೆ.

ಈ ವ್ಯವಸ್ಥೆಯನ್ನು ಕರ್ನಾಟಕದಲ್ಲಿ ಹಾಗೆಯೇ ನಕಲು ಮಾಡಲಾಗದು. ಕೇರಳದಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರವು ಗ್ರಾಮ ಪಂಚಾಯಿತಿಗೆ ವರ್ಗಾವಣೆಯಾಗಿದೆ, ಇಲ್ಲಿ ಹಾಗಿಲ್ಲ. ಆದಾಗ್ಯೂ ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೋಷಣಾ ಸಮಿತಿಯ ಸಭೆಯಲ್ಲಿ ಹಾಸಿಗೆ ಹಿಡಿದವರ ಪಟ್ಟಿಯನ್ನು ವಾರ್ಡುವಾರು ಸಿದ್ಧಪಡಿಸಿ ವೈದ್ಯಾಧಿಕಾರಿಗೆ ಸಲ್ಲಿಸಲು ಯಾವ ಅಡ್ಡಿಯೂ ಇಲ್ಲ. ಪಂಚಾಯಿತಿಯ ಸ್ವಂತ ಸಂಪನ್ಮೂಲದಲ್ಲಿ ವಿಕಲಚೇತನರಿಗಾಗಿ ಮೀಸಲಿಡುವ ಶೇ. 5ರ ನಿಧಿಯೂ ಇದೆ. ಪಾರ್ಶ್ವವಾಯುವಿನಿಂದ ಕೈಕಾಲು ಸ್ವಾಧೀನ ಕಳೆದುಕೊಂಡ ಅನೇಕರು ತಪಾಸಣೆಗೆ ಹೋಗಲಾರದ ಒಂದೇ ಕಾರಣಕ್ಕೆ ಯುಡಿಐಡಿ ಕಾರ್ಡ್ ಪಡೆದಿರುವುದಿಲ್ಲ. ಇಂಥವರನ್ನು ಗುರುತಿಸಿ ಅರ್ಜಿ ಹಾಕಿಸುವಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರ ನೆರವು ಪಡೆಯಬಹುದು.

ಪಟ್ಟಿಯಲ್ಲಿ ರೋಗಿಯ ಹೆಸರಿನ ಮುಂದೆ ಇನ್ನೂ ಎರಡು ಕಾಲಂಗಳಿರುವುದು ಉಚಿತ: ಹಗಲಿನಲ್ಲಿ ಆರೈಕೆ ಮಾಡುವವರು ಯಾರು, ಕೊನೆಯ ಭೇಟಿಯ ದಿನಾಂಕ ಯಾವುದು. ಮೊದಲನೆಯದು ಖಾಲಿಯಿರುವ ಮನೆಗೆ ಮೊದಲ ಭೇಟಿ.