ಬಣ್ಣದ ನೀರು ಮತ್ತು ಜೇಡಿಮಣ್ಣು

ಕದಡಿದ ನೀರನ್ನು ತಿಳಿಗೊಳಿಸುವ ಉಪಾಯಗಳನ್ನು ನಮ್ಮ ವೈದ್ಯಗ್ರಂಥಗಳು ಹಿಂದೆಯೇ ಹೇಳಿವೆ. ಸುಶ್ರುತ ಸಂಹಿತೆಯು ಈ ಕಾರ್ಯಕ್ಕೆ ಕತಕ ಬೀಜವನ್ನು ಹೆಸರಿಸುತ್ತದೆ. ಆದರೆ ಕದಡು ಬೇರೆ, ಬಣ್ಣ ಬೇರೆ. ಕದಡು ತೇಲುವ ಕಣಗಳಿಂದಾದುದು; ಅದನ್ನು ತಳಕ್ಕಿಳಿಸಬಹುದು. ನೂಲಿಗೆ ಹಾಕುವ ಬಣ್ಣವಾದರೋ ನೀರಿನಲ್ಲಿ ಕರಗಿರುತ್ತದೆ. ಬಟ್ಟೆಯಲ್ಲಿ ಸೋಸಿದರೂ ಕುದಿಸಿದರೂ ಅದು ಹೋಗದು.

ಇಳಕಲ್, ಗುಳೇದಗುಡ್ಡ, ರಬಕವಿ-ಬನಹಟ್ಟಿಗಳಂತಹ ನೇಕಾರರ ಊರುಗಳಿಗೆ ಈ ವಿಚಾರ ಹತ್ತಿರದ್ದು. ಕೃತಕ ಬಣ್ಣಗಳಲ್ಲಿ ಬಹುಪಾಲು ಅಜೋ ವರ್ಗದವು. ಅವುಗಳಲ್ಲಿ ಕೆಲವು ಒಡೆದಾಗ ಬೆಂಜಿಡೀನ್‌ನಂತಹ ಪದಾರ್ಥಗಳು ಹುಟ್ಟುತ್ತವೆ. ಬೆಂಜಿಡೀನ್ ಮೂತ್ರಕೋಶದ ಕ್ಯಾನ್ಸರನ್ನು ಉಂಟುಮಾಡುತ್ತದೆಂಬುದು ದೃಢಪಟ್ಟಿದೆ.

ಇಂತಹ ನೀರಿನ ಶುದ್ಧೀಕರಣಕ್ಕೆ ವಿಜ್ಞಾನಿಗಳು ಜೇಡಿಮಣ್ಣನ್ನು ಪರಿಶೀಲಿಸುತ್ತ ಬಂದಿದ್ದಾರೆ. ನಮ್ಮ ಎರೆಭೂಮಿಯಲ್ಲಿ ಹೇರಳವಾಗಿರುವ ಮಾಂಟ್‌ಮೊರಿಲೊನೈಟ್ ಎಂಬ ಜೇಡಿಯ ಕಣವು ಪದರಪದರವಾಗಿದೆ. ಎರೆಯು ಮಳೆಗೆ ಉಬ್ಬುವುದೂ ಬೇಸಿಗೆಯಲ್ಲಿ ಬಿರಿಯುವುದೂ ಈ ಪದರಗಳ ನಡುವೆ ನೀರು ಹೊಕ್ಕು ಹೊರಡುವುದರಿಂದಲೇ. ಪದರಗಳನ್ನೆಲ್ಲ ಬಿಡಿಸಿ ಹಾಸಿದರೆ ಒಂದು ಗ್ರಾಂ ಶುದ್ಧ ಜೇಡಿಯ ಮೇಲ್ಮೈ ಸುಮಾರು 700 ಚದರ ಮೀಟರ್ ಆಗುತ್ತದೆ. ಈ ಮೇಲ್ಮೈಯಲ್ಲಿ ಋಣ ವಿದ್ಯುದಂಶವಿರುವುದರಿಂದ ಧನ ವಿದ್ಯುದಂಶವುಳ್ಳ ಬಣ್ಣವು ಅದಕ್ಕೆ ಅಂಟಿಕೊಳ್ಳುತ್ತದೆ. ಇದಕ್ಕೆ ಅಧಿಶೋಷಣೆ ಎಂದು ಹೆಸರು.

ಶಾಲೆಯ ಪ್ರಯೋಗಾಲಯದಲ್ಲಿಯೇ ಇದನ್ನು ನೋಡಬಹುದು. ಎರಡು ಪ್ರನಾಳಗಳಲ್ಲಿ ಎರೆಮಣ್ಣಿನ ಪುಡಿಯನ್ನಿಟ್ಟು, ಒಂದಕ್ಕೆ ಮೆಥಿಲೀನ್ ಬ್ಲೂ, ಇನ್ನೊಂದಕ್ಕೆ ಇಯೋಸಿನ್ ದ್ರಾವಣವನ್ನು ತೆಳುವಾಗಿ ಮಾಡಿ ಹಾಕಿ ಕುಲುಕಿ ಇಡಬೇಕು. ಮಣ್ಣು ಕುಳಿತ ಮೇಲೆ ನೀಲಿ ಮಾಯವಾಗಿರುತ್ತದೆ. ಕೆಂಪು ಬಹುಮಟ್ಟಿಗೆ ಹಾಗೆಯೇ ಉಳಿದಿರುತ್ತದೆ. ಇಯೋಸಿನ್ ಸಹ ಋಣ ವಿದ್ಯುದಂಶವುಳ್ಳದ್ದು. ಮಣ್ಣು ಅದನ್ನು ಹತ್ತಿರ ಸೇರಿಸದು.

ಈ ಭೇದವನ್ನು ನಾವು ಮರೆಯಬಾರದು. ಹತ್ತಿಯ ನೂಲಿಗೆ ಇಂದು ಬಳಸುವ ರಿಯಾಕ್ಟಿವ್ ಬಣ್ಣಗಳು ಇಯೋಸಿನ್ ಜಾತಿಯವೇ. ಆಮ್ಲದಿಂದಲೋ ವಿಶೇಷ ಲವಣಗಳಿಂದಲೋ ಸಂಸ್ಕರಿಸಿದ ಜೇಡಿಯಷ್ಟೇ ಅವುಗಳನ್ನು ಚೆನ್ನಾಗಿ ಹಿಡಿಯಬಲ್ಲದು. ಅದು ಶುದ್ಧೀಕರಣ ಘಟಕದ ಕೆಲಸ, ಮನೆಯ ಕೊಡದ ಕೆಲಸವಲ್ಲ.

ಆದುದರಿಂದ ಓದುಗರಲ್ಲಿ ನಮ್ಮ ಸೂಚನೆ ಇಷ್ಟು. ಮಣ್ಣು ಹಾಕಿ ತಿಳಿಯಾದ ಬಣ್ಣದ ನೀರನ್ನು ಕುಡಿಯಬಾರದು, ದನಕರುಗಳಿಗೂ ಕುಡಿಸಬಾರದು. ಬಣ್ಣ ಹೋದರೂ ಉಪ್ಪು, ಕ್ಷಾರಗಳು ಅದರಲ್ಲಿ ಉಳಿದಿರುತ್ತವೆ. ಬಣ್ಣ ಹಿಡಿದ ಮಣ್ಣನ್ನು ಹೊಲಕ್ಕೂ ಹಳ್ಳಕ್ಕೂ ಚೆಲ್ಲಬಾರದು. ಅಲ್ಲಿ ವಿಷವು ಸ್ಥಳ ಬದಲಿಸಿದೆಯೇ ಹೊರತು ನಾಶವಾಗಿಲ್ಲ. ಬಣ್ಣ ಅದ್ದುವವರು ಕೈಗವಸು ಧರಿಸಲಿ. ಬಾವಿ, ಕೊಳವೆಬಾವಿಗಳ ಬಳಿ ಆ ನೀರು ಇಂಗದಂತೆ ಊರವರೆಲ್ಲ ನೋಡಿಕೊಳ್ಳಲಿ. ನೀರನ್ನು ಕೆಡಿಸದಿರುವುದು ಶುದ್ಧಿಗಿಂತ ಸುಲಭ.